ಆನಿಕೆರೆ ಬೇಡ, ಅಂಗಳದಲ್ಲೇ ಶುರುಮಾಡಿ

ಪ್ರಶ್ನೆ: ನಾವು ನಾಲ್ವರು ಗೆಳೆಯರು. ನಾನು ಹಾನಗಲ್ಲಿನವನು, ಉಳಿದವರು ಶಿಗ್ಗಾವಿ, ಸವಣೂರು, ಹಿರೇಕೆರೂರಿನವರು. ಸ್ಕೂಬಾ ಡೈವಿಂಗಿನ ಓಪನ್ ವಾಟರ್ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಪಡೆದಿದ್ದೇವೆ. ಈ ಸಲ ಬಾಡಿಗೆಯ ಸಾಮಾನು ಬೇಡವೆಂದು ಮಾಸ್ಕ್, ಫಿನ್ಸ್, ರೆಗ್ಯುಲೇಟರ್, ಬಿಸಿಡಿ ಜಾಕೆಟ್, ಡೈವ್ ಕಂಪ್ಯೂಟರ್ ಎಲ್ಲ ಸ್ವಂತಕ್ಕೇ ತರಿಸಿದ್ದೇವೆ. ಮಳೆಗಾಲ ಕಳೆದ ಮೇಲೆ ನೇತ್ರಾಣಿ ದ್ವೀಪಕ್ಕೆ ಹೋಗುವ ವಿಚಾರವಿದೆ. ಅದಕ್ಕೂ ಮೊದಲು ಒಮ್ಮೆ ನೀರಿಗಿಳಿಸಿ ನೋಡೋಣ ಎಂದರೆ ಒಬ್ಬ ಆನಿಕೆರೆ ಅಂತಾನೆ, ಒಬ್ಬ ಮೋತಿ ತಲಾಬ್, ಇನ್ನೊಬ್ಬ ಮದಗದ ಕೆರೆ. ಶಿಗ್ಗಾವಿಯವನು ತನ್ನ ಹೊಲದ ಕೃಷಿ ಹೊಂಡವೇ ಸಾಕು ಅನ್ನುತ್ತಾನೆ. ಯಾವುದು ಒಳ್ಳೆಯದು? ಪರೀಕ್ಷೆ ಹೇಗೆ ಮಾಡಬೇಕು?

ಉತ್ತರ: ನಾಲ್ಕೂ ಬೇಡ. ನೀವು ಮಾಡಬೇಕಾದ ಪರೀಕ್ಷೆಯಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ, ಒಣ ನೆಲದ ಮೇಲೇ ಆಗುತ್ತದೆ. ಉಳಿದ ಕಾಲು ಪಾಲಿಗೆ ತಳ ಕಾಣುವ ಈಜುಕೊಳ ಬೇಕು, ಪಕ್ಕದಲ್ಲಿ ಬಲ್ಲವರೊಬ್ಬರು ಬೇಕು. ಸಾಮಾನು ಕೊಂಡ ಉಮೇದಿನಲ್ಲಿ ಕೆರೆ ಕಡೆ ಹೊರಡುವ ಮುನ್ನ ಕೇಳಿದಿರಲ್ಲ, ಅದೇ ದೊಡ್ಡದು.

ಮೊದಲು ಕೃಷಿ ಹೊಂಡದ ಮಾತು, ಯಾಕೆಂದರೆ ನಾಲ್ಕರಲ್ಲಿ ನಿರಪಾಯವಾಗಿ ಕಾಣುವುದು ಅದೇ, ಅಪಾಯ ಹೆಚ್ಚಿರುವುದೂ ಅಲ್ಲೇ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ಹೊಲಹೊಲದಲ್ಲಿ ಹೊಂಡ ಎದ್ದವು. ನೀರು ಇಂಗದಿರಲೆಂದು ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅದರ ಮೇಲೆ ಪಾಚಿ ಕಟ್ಟಿದರೆ ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲ, ಹಿಡಿಯಲು ಬೇರು ಬಳ್ಳಿ ಏನೂ ಸಿಗುವುದಿಲ್ಲ. ಈಜು ಬಂದವರೂ ಹತ್ತಲಾಗದೆ ಮುಳುಗಿದ ಸುದ್ದಿಯನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ. ಬೆನ್ನ ಮೇಲೆ 14 ಕಿಲೋ ಸಿಲಿಂಡರ್, ಸೊಂಟಕ್ಕೆ ಸೀಸದ ತೂಕ, ಕಾಲಿಗೆ ಫಿನ್ಸ್ ಕಟ್ಟಿಕೊಂಡು ಆ ಇಳಿಜಾರಿನಲ್ಲಿ ಹತ್ತುವುದನ್ನು ಒಮ್ಮೆ ಊಹಿಸಿ ನೋಡಿ.

ಮದಗದ ಕೆರೆಯ ಚೆಲುವಿನ ಬಗ್ಗೆ ತಕರಾರಿಲ್ಲ. ಮಾಸೂರಿನ ಹತ್ತಿರ ಎರಡು ಗುಡ್ಡಗಳ ನಡುವೆ ಕುಮುದ್ವತಿಗೆ ಅಡ್ಡ ಏರಿ ಹಾಕಿ ನಿಲ್ಲಿಸಿದ ನೀರು ಅದು. ಆದರೆ ಹಳೆಯ ಕೆರೆ ಎಂದರೆ ತೂಬು, ತೂಬು ಎಂದರೆ ಸೆಳೆತ. ಐದು ಮೀಟರ್ ನೀರಿನಡಿ ತೂಬಿನ ಬಾಯಿ ತೆರೆದಿದ್ದು, ಆಚೆ ಬದಿ ಖಾಲಿ ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಅರ್ಧ ಕಿಲೋ ಒತ್ತಡದ ವ್ಯತ್ಯಾಸ ಇರುತ್ತದೆ. ಒಂದಡಿ ಉದ್ದ ಒಂದಡಿ ಅಗಲದ ಕಂಡಿ ನಿಮ್ಮ ಬೆನ್ನನ್ನು ಎಳೆದು ಹಿಡಿಯಿತೆಂದರೆ ಅದು ನಾಲ್ಕೂವರೆ ಕ್ವಿಂಟಲ್ ಎಳೆತ. ನಾಲ್ವರಲ್ಲ, ಊರಿಗೆ ಊರೇ ಹಗ್ಗ ಹಿಡಿದರೂ ಬಿಡಿಸಲು ಕಷ್ಟ. ದಡದಿಂದ ನೋಡಿದರೆ ನೀರು ನಿಶ್ಚಲವಾಗಿಯೇ ಇರುತ್ತದೆ.

ಆನಿಕೆರೆ, ಮೋತಿ ತಲಾಬಿನ ತಂಟೆ ಬೇರೆ. ಮಳೆ ಮುಗಿದು ಕೆರೆ ತುಂಬಿದ ಹೊತ್ತಿನಲ್ಲಿ ನೀರು ರಾಡಿಯಾಗಿರುತ್ತದೆ. ಎರಡಡಿ ಕೆಳಗೆ ಹೋದರೆ ನಿಮ್ಮ ಕೈಯ ಗೇಜು ನಿಮಗೇ ಕಾಣುವುದಿಲ್ಲ. ಜೊಂಡು, ಹಳೆಯ ಬಲೆ, ಮುಳ್ಳುಕಂಟಿ, ಗಣಪತಿ ವಿಸರ್ಜನೆಯ ಕಟ್ಟಿಗೆ ಚೌಕಟ್ಟು ಎಲ್ಲ ಅಡಿಯಲ್ಲಿ ಇರಬಹುದು. ಕಾಣದ ನೀರು ಎಷ್ಟು ಕಷ್ಟ ಎಂಬುದಕ್ಕೆ ನೆರೆಯ ಜಿಲ್ಲೆಯ ಶಿರೂರನ್ನೇ ನೋಡಿ. 2024ರ ಜುಲೈ 16ರಂದು ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದ ಲಾರಿಯನ್ನು ಹುಡುಕಲು ನೌಕಾಪಡೆಯ ಮುಳುಗುಗಾರರೇ ಬಂದರು. ಸೆಳವು ಮತ್ತು ಕೆಸರಿನಿಂದ ಎಷ್ಟೋ ದಿನ ಅವರು ಇಳಿಯುವುದೇ ಆಗಲಿಲ್ಲ. ಕಡೆಗೆ ಡ್ರೆಜರ್ ತರಿಸಿ ಹೂಳೆತ್ತಿ, ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಆನಿಕೆರೆಗೆ ಸೆಳವಿಲ್ಲ, ಒಪ್ಪಿದೆ. ಆದರೆ ಹೊಸ ಸಾಮಾನಿನ ಪರೀಕ್ಷೆಯಲ್ಲಿ ನೋಡಬೇಕಾದದ್ದು ಸಣ್ಣ ಸಣ್ಣ ಗುಳ್ಳೆ. ಅದು ಕಾಣದ ನೀರಿನಲ್ಲಿ ಪರೀಕ್ಷೆ ಮಾಡಿ ಏನು ಬಂತು?

ಇನ್ನೊಂದು ಸಂಗತಿ, ಇದು ಕೋರ್ಸಿನಲ್ಲಿ ಓದಿ ಮರೆತಿರಬಹುದು. ಸಮುದ್ರಮಟ್ಟದಿಂದ 300 ಮೀಟರಿಗೂ ಎತ್ತರದ ನೀರಿನಲ್ಲಿ ಮುಳುಗಿದರೆ ಅದು ‘ಎತ್ತರದ ಡೈವ್’, ಅದಕ್ಕೆ ಲೆಕ್ಕ ಬೇರೆ. ನಮ್ಮ ನಾಲ್ಕೂ ತಾಲ್ಲೂಕುಗಳು ಆ ಗೆರೆಗಿಂತ ಮೇಲೆಯೇ ಇವೆ.

ಈಗ ಅಂಗಳಕ್ಕೆ ಬನ್ನಿ. ಪೆಟ್ಟಿಗೆ ಬಿಚ್ಚಿ ಚಾಪೆಯ ಮೇಲೆ ಎಲ್ಲ ಹರಡಿ. ಸಿಲಿಂಡರ್ ಬೇಡ.

ಶುರು ರೆಗ್ಯುಲೇಟರಿನಿಂದ. ಅದರ ಮೊದಲ ಹಂತ ಸಿಲಿಂಡರಿನ 200 ಬಾರ್ ಒತ್ತಡವನ್ನು ಸುಮಾರು 9–10 ಬಾರಿಗೆ ಇಳಿಸುತ್ತದೆ. ಬಾಯಲ್ಲಿ ಕಚ್ಚುವ ಎರಡನೆಯ ಹಂತ ಅದನ್ನು ನೀವಿರುವ ಆಳದ ಒತ್ತಡಕ್ಕೆ ಹೊಂದಿಸಿ, ಎಳೆದಷ್ಟೇ ಗಾಳಿ ಕೊಡುತ್ತದೆ. ಮೊದಲ ಹಂತದ ಧೂಳಿನ ಮುಚ್ಚಳ ಭದ್ರವಾಗಿ ಹಾಕಿ, ಎರಡನೆಯ ಹಂತವನ್ನು ಬಾಯಿಗಿಟ್ಟು ಮೆಲ್ಲಗೆ ಒಳಗೆಳೆಯಿರಿ. ಗಾಳಿ ಬರಬಾರದು. ತುಟಿಗೆ ಸೆಳೆತ ಬಿದ್ದು ಹಾಗೇ ನಿಲ್ಲಬೇಕು. ಸುಯ್ ಎಂದು ಗಾಳಿ ಬಂದರೆ ಎಲ್ಲೋ ಕಂಡಿಯಿದೆ, ನೀರಿನೊಳಗೆ ಅದೇ ಕಂಡಿಯಿಂದ ನೀರು ಬರುತ್ತದೆ. ಬಹಳ ಸಲ ತಪ್ಪು ಇರುವುದು ಉಸಿರು ಹೊರಹೋಗುವ ಕಡೆ. ಗದ್ದದ ಕೆಳಗಿನ ರಬ್ಬರ್ ಕವಚದೊಳಗೆ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ತೆಳ್ಳನೆಯ ಸಿಲಿಕೋನ್ ಬಿಲ್ಲೆ ಇರುತ್ತದೆ, ಅದು ಒಂದು ಅಂಚಿನಲ್ಲಿ ಮಡಚಿಕೊಂಡಿರುತ್ತದೆ, ಇಲ್ಲವೆ ಒಂದು ಕೂದಲೆಳೆ ಸಿಕ್ಕಿಕೊಂಡಿರುತ್ತದೆ. ಟಾರ್ಚ್ ಬಿಟ್ಟು ನೋಡಿ. ನಿಮ್ಮದಷ್ಟೇ ಅಲ್ಲ, ಗೆಳೆಯನಿಗೆ ಕೊಡುವ ಹಳದಿ ಬಣ್ಣದ ಆಕ್ಟೋಪಸ್ಸಿಗೂ ಇದೇ ಪರೀಕ್ಷೆ. ಅದನ್ನು ಎಲ್ಲರೂ ಮರೆಯುತ್ತಾರೆ. ಗಾಳಿ ಮುಗಿದವನ ಬಾಯಿಗೆ ಹೋಗುವುದು ಅದೇ.

ಕಚ್ಚುವ ತುಂಡನ್ನು ಹಿಡಿದು ಜಗ್ಗಿ ನೋಡಿ. ಅದನ್ನು ಬಿಗಿಯುವ ಸಣ್ಣ ಪ್ಲಾಸ್ಟಿಕ್ ಟೈ ಹೊಸ ಸಾಮಾನಿನಲ್ಲೂ ಕೆಲವೊಮ್ಮೆ ಸಡಿಲ ಇರುತ್ತದೆ. ನೀರಿನಡಿ ರೆಗ್ಯುಲೇಟರ್ ಕೈಗೆ ಬಂದು, ಕಚ್ಚುವ ತುಂಡು ಮಾತ್ರ ಹಲ್ಲಲ್ಲೇ ಉಳಿದರೆ ಮೊದಲ ಸಲದವರಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ಪೈಪುಗಳನ್ನು ಬೆರಳಿನಿಂದ ತಿರುವಿ ನೋಡಿ, ತಿರುಗಿದರೆ ಬಿಗಿಯುವ ಕೆಲಸ ಅಂಗಡಿಯವರದು, ನಿಮ್ಮ ಪಾನಾದ್ದಲ್ಲ. ಬೈಕ್ ಬಿಚ್ಚಿ ಜೋಡಿಸುವಷ್ಟು ಕೈ ಚುರುಕಿದ್ದರೂ ರೆಗ್ಯುಲೇಟರಿನ ಒಳಗೆ ಕೈಹಾಕಬೇಡಿ.

ಸಿಲಿಂಡರಿಗೆ ಕೂರುವ ಕಡೆ ಯೋಕ್ ಮತ್ತು ಡಿನ್ ಎಂದು ಎರಡು ಬಗೆಯಿದೆ. ಯೋಕ್ ಎಂದರೆ ಹಿಡಿತದ ಹಾಗೆ ಸುತ್ತುವರಿದು ತಿರುಪಿನಿಂದ ಬಿಗಿಯುವುದು, ಡಿನ್ ಎಂದರೆ ಕವಾಟದೊಳಗೇ ತಿರುಗಿಸಿ ಕೂರಿಸುವುದು. ನಿಮ್ಮದು ಯಾವುದೆಂದು ನೋಡಿ, ನೇತ್ರಾಣಿಗೆ ಕರೆದೊಯ್ಯುವ ಮುರ್ಡೇಶ್ವರದ ಡೈವ್ ಕೇಂದ್ರಕ್ಕೆ ಫೋನ್ ಮಾಡಿ ಅವರ ಸಿಲಿಂಡರಿನದು ಯಾವುದೆಂದು ಕೇಳಿ. ದೋಣಿ ಹತ್ತಿದ ಮೇಲೆ ಕೂರುವುದಿಲ್ಲ ಎಂದರೆ ನಾಲ್ವರ ಹೊಸ ಸಾಮಾನೂ ಚೀಲದಲ್ಲೇ ಉಳಿಯುತ್ತದೆ.

ಬಿಸಿಡಿ ಜಾಕೆಟನ್ನು ಬಾಯಿಂದಲೇ ಗಟ್ಟಿಯಾಗುವ ತನಕ ಊದಿ. ಇನ್ನೂ ಊದಿದರೆ ಒತ್ತಡದ ವಾಲ್ವು ತಾನೇ ತೆರೆದು ಹೆಚ್ಚಿನ ಗಾಳಿ ಬಿಡಬೇಕು. ಅದು ಬಿಡುವುದನ್ನು ಕಿವಿಯಾರೆ ಕೇಳಿ. ಆಮೇಲೆ ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಕೊಂಚ ಮೆತ್ತಗಾಗಿದ್ದರೆ ಗಾಬರಿ ಬೇಡ, ಸಂಜೆಯ ಸೆಕೆಗೆ ಹಿಗ್ಗಿದ ಗಾಳಿ ಬೆಳಗಿನ ತಂಪಿಗೆ ಕುಗ್ಗಿರುತ್ತದೆ. ಜೋತುಬಿದ್ದಿದ್ದರೆ ಸೋರುತ್ತಿದೆ ಎಂದರ್ಥ. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ಬೋಗುಣಿಯಲ್ಲಿ ಅದ್ದಿ ನೋಡುವ ಹಾಗೆ ವಾಲ್ವುಗಳನ್ನು ಒಂದೊಂದಾಗಿ ಬಕೆಟ್ ನೀರಿಗೆ ಅದ್ದಿದರೆ ಗುಳ್ಳೆ ಜಾಗ ತೋರಿಸುತ್ತದೆ. ಹೆಗಲ ಮೇಲಿನ ಮತ್ತು ಹಿಂಭಾಗದ ಗಾಳಿ ಬಿಡುವ ದಾರಗಳನ್ನು ಎಳೆದೆಳೆದು ಬಿಡಿ. ಗಾಳಿ ತುಂಬುವ ಗುಂಡಿ ಒತ್ತಿದಾಗ ಒಳಹೋಗಿ, ಬಿಟ್ಟಾಗ ತಕ್ಷಣ ಮೇಲೆ ಬರಬೇಕು. ಅಂಟಿಕೊಳ್ಳುವ ಗುಂಡಿಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಕೆಳಗೆ ಅದು ಅಂಟಿದರೆ ಜಾಕೆಟ್ ತಾನೇ ತುಂಬಿಕೊಂಡು ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ. ಆಗ ಆ ಪೈಪನ್ನು ಕಿತ್ತುಹಾಕಬೇಕು. ಕಣ್ಣು ಮುಚ್ಚಿ ಕಿತ್ತು ಸಿಕ್ಕಿಸುವುದು ರೂಢಿಯಾಗುವ ತನಕ ಮನೆಯಲ್ಲೇ ಮಾಡಿ, ಮಕ್ಕಳು ನಕ್ಕರೆ ನಗಲಿ.

ಸಿಲಿಂಡರನ್ನು ಜಾಕೆಟಿಗೆ ಬಿಗಿಯುವ ನೈಲಾನ್ ಪಟ್ಟಿಯದು ಒಂದು ಮೋಸವಿದೆ. ಒಣಗಿದ್ದಾಗ ಬಿಗಿದರೆ ನೆನೆದ ಮೇಲೆ ಸಡಿಲವಾಗಿ ಸಿಲಿಂಡರ್ ಜಾರುತ್ತದೆ, ಹೊಸ ಪಟ್ಟಿಯಾದರೆ ಇನ್ನೂ ಹೆಚ್ಚು. ಪಟ್ಟಿಯನ್ನು ಚೆನ್ನಾಗಿ ನೆನೆಸಿಯೇ ಬಿಗಿಯಬೇಕು. ಬಾಡಿಗೆಯ ಜಾಕೆಟ್ ಯಾವಾಗಲೂ ಹಸಿಯಾಗೇ ಇರುತ್ತಿದ್ದರಿಂದ ಇದು ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ.

ಮಾಸ್ಕಿಗೆ ಬಂದರೆ, ಹೊಸ ಗಾಜಿನ ಒಳಬದಿಗೆ ತಯಾರಿಕೆಯ ಅಂಟಿನ ಪದರ ಇರುತ್ತದೆ. ಅದಿರುವ ತನಕ ಎಷ್ಟು ಉಗುಳು ಒರೆಸಿದರೂ ಮಂಜು ಬಿಡುವುದಿಲ್ಲ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಉಜ್ಜಿ ತೊಳೆಯಿರಿ, ನಾಲ್ಕಾರು ಸಲ ಮಾಡಿದರೆ ಹೋಗುತ್ತದೆ. ಗಾಜಿಗೆ ವಿಶೇಷ ಲೇಪನ ಇದ್ದರೆ ಮಾತ್ರ ಉಜ್ಜಬೇಡಿ, ಜೊತೆಗೆ ಬಂದ ಚೀಟಿ ಓದಿ. ಲೈಟರಿನಿಂದ ಸುಡುವ ವಿಡಿಯೋಗಳನ್ನು ನೋಡಿರುತ್ತೀರಿ. ಕೈ ಪಳಗದವರು ಅದರಲ್ಲಿ ಸಿಲಿಕೋನ್ ಅಂಚನ್ನೇ ಸುಡುತ್ತಾರೆ. ಕೂರುತ್ತದೋ ಇಲ್ಲವೋ ನೋಡಲು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ. ಕೈಬಿಟ್ಟರೂ ಅಂಟಿಕೊಂಡಿರಬೇಕು. ನಾಲ್ವರಲ್ಲಿ ಯಾರಿಗಾದರೂ ಪೊದೆ ಮೀಸೆಯಿದ್ದರೆ ಸೋರುವುದು ಖಚಿತ. ಮೂಗಿನ ಹೊಳ್ಳೆಯ ಕೆಳಗೆ ಒಂದು ಗೆರೆಯಷ್ಟು ಬೋಳಿಸಿಕೊಂಡರೆ ಸಾಕು, ಪೂರ್ತಿ ತೆಗೆಯುವ ತ್ಯಾಗವೇನೂ ಬೇಕಿಲ್ಲ. ಫಿನ್ಸ್ ಬಗ್ಗೆ ಹೇಳಲು ಹೆಚ್ಚಿಲ್ಲ: ಬೂಟಿನ ಜೊತೆ ಹಾಕಿಕೊಂಡು ಅರ್ಧ ಗಂಟೆ ಕೂತು ನೋಡಿ, ಹೆಬ್ಬೆರಳು ಜೋಮು ಹಿಡಿದರೆ ಅಳತೆ ಬದಲಿಸಿ.

ಕಂಪ್ಯೂಟರಿನಲ್ಲಿ ಬ್ಯಾಟರಿ ಮಟ್ಟ ನೋಡಿ, ಗ್ಯಾಸ್ ‘ಗಾಳಿ’ ಎಂದೇ ಇದೆಯೋ ಖಚಿತಪಡಿಸಿಕೊಳ್ಳಿ, ನೀರು ಸಿಹಿಯೋ ಉಪ್ಪೋ ಎಂಬ ಆಯ್ಕೆಯನ್ನು ನೇತ್ರಾಣಿಗೆ ಹೊರಡುವ ಮುನ್ನ ಉಪ್ಪಿಗೆ ತಿರುಗಿಸಿ. ಎತ್ತರದ ಆಯ್ಕೆಯನ್ನು ಕೈಯಿಂದ ಹಾಕುವ ಮಾದರಿಯಾದರೆ ಘಟ್ಟ ಇಳಿದ ಮೇಲೆ ಅದನ್ನೂ ಸಮುದ್ರಮಟ್ಟಕ್ಕೆ ತರಬೇಕು. ನಾಲ್ವರೂ ಒಂದೇ ಮಾದರಿ ಕೊಂಡಿದ್ದರೆ ಕೈಪಿಡಿಯನ್ನು ಒಟ್ಟಿಗೆ ಕೂತು ಓದಿ. ನೀರಿನಡಿ ಅದು ಕೂಗಿಕೊಂಡಾಗ ಯಾಕೆ ಕೂಗಿತು ಎಂದು ಕೇಳಲು ಬಾಯಿ ಖಾಲಿ ಇರುವುದಿಲ್ಲ.

ಸಿಲಿಂಡರಿನ ಬಗ್ಗೆ ಒಂದು ಖಡಾಖಂಡಿತ ಮಾತು. ಊರಲ್ಲಿ ಎಲ್ಲಿಯೂ ತುಂಬಿಸಿಕೊಳ್ಳಬೇಡಿ. ಟೈರಿಗೆ ಗಾಳಿ ಹಾಕುವ ಕಂಪ್ರೆಸರಿನ ಒತ್ತಡ ಹತ್ತು ಬಾರಿನ ಆಸುಪಾಸು, ಅದರ ಗಾಳಿಯಲ್ಲಿ ಎಣ್ಣೆಯ ಆವಿ ಬೇರೆ. ಡೈವಿಂಗಿಗೆ ಬೇಕಾದ್ದು ಸೋಸಿದ, ಒಣಗಿದ, 200 ಬಾರಿನ ಗಾಳಿ. ವೆಲ್ಡಿಂಗ್ ಅಂಗಡಿಯ ಅಥವಾ ಆಸ್ಪತ್ರೆಯ ಆಕ್ಸಿಜನ್ ಅಂತೂ ಬೇಡವೇ ಬೇಡ. ಪತ್ರಿಕೆಗಳಲ್ಲಿ ಡೈವರ್ ಬೆನ್ನಿನ ಸಿಲಿಂಡರನ್ನು ಆಕ್ಸಿಜನ್ ಸಿಲಿಂಡರ್ ಎಂದೇ ಬರೆಯುತ್ತೇವೆ. ಅದರಲ್ಲಿ ಇರುವುದು ನಾವು ಈಗ ಉಸಿರಾಡುತ್ತಿರುವ ಗಾಳಿಯೇ, ಆಮ್ಲಜನಕ ಶೇ 21. ಶುದ್ಧ ಆಮ್ಲಜನಕವನ್ನು ಆರು ಮೀಟರಿಗಿಂತ ಕೆಳಗೆ ಎಳೆದರೆ ಮಿದುಳಿಗೆ ವಿಷವಾಗಿ ನೀರಿನಲ್ಲೇ ಫಿಟ್ಸ್ ಬರಬಹುದು. ತುಂಬಿದ ಸಿಲಿಂಡರನ್ನು ಡೈವ್ ಕೇಂದ್ರದಿಂದಲೇ ಪಡೆಯಿರಿ, ಅದರ ಕುತ್ತಿಗೆಯ ಮೇಲೆ ಕೊರೆದ ಒತ್ತಡ ಪರೀಕ್ಷೆಯ ತಾರೀಖನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಹೀಗಾಗಿ ಈಜುಕೊಳದ ಪರೀಕ್ಷೆಯನ್ನು ನಿಮಗೆ ಕಲಿಸಿದ ಕೇಂದ್ರದವರ ಜೊತೆ ಮಾಡುವುದೇ ಸರಿ. ಕೋರ್ಸ್ ನಡೆಸುವವರಿಗೆ ಈಜುಕೊಳವೋ ಅದರಂಥ ಶಾಂತ ನೀರೋ ಬೇಕೇ ಬೇಕು, ಸಿಲಿಂಡರ್ ಅವರಲ್ಲೇ ಇರುತ್ತದೆ. ಪ್ರವಾಸವನ್ನು ಒಂದು ದಿನ ಮೊದಲೇ ಶುರುಮಾಡಿ, ಆ ದಿನವನ್ನು ಇದಕ್ಕೇ ಇಡಿ. ಇನ್ಸ್‌ಟ್ರಕ್ಟರ್‌ಗೆ ಕೊಡುವ ಹಣವನ್ನು ದಂಡವೆಂದು ಲೆಕ್ಕ ಹಾಕಬೇಡಿ. ಆಳವಿಲ್ಲದ ಈಜುಕೊಳ ಏನು ಮಾಡೀತು ಅನ್ನುವವರಿಗೆ ಒಂದು ಮಾತು: ಸಿಲಿಂಡರಿನ ಗಾಳಿಯನ್ನು ಎದೆ ತುಂಬ ಎಳೆದು ಉಸಿರು ಕಟ್ಟಿ ಬರೀ ನಾಲ್ಕಡಿ ಮೇಲೆದ್ದರೂ ಶ್ವಾಸಕೋಶ ಹರಿಯಬಹುದು. ನಿಮ್ಮ ಸಾಮಾನು ಹಾಕಿ ನೋಡುತ್ತೇನೆ ಎಂದು ಕೋರ್ಸ್ ಮಾಡದ ತಮ್ಮನೋ ಅಳಿಯನೋ ಮುಂದೆ ಬಂದರೆ ಕೊಡಬಾರದು, ಎಷ್ಟೇ ಮುನಿಸಿಕೊಳ್ಳಲಿ.

ಅಲ್ಲಿ ಸಿಲಿಂಡರ್ ತೆರೆಯುವಾಗ ಗೇಜಿನ ಗಾಜನ್ನು ಯಾರ ಮುಖಕ್ಕೂ ತಿರುಗಿಸದೆ ಹಿಡಿಯಿರಿ. ಪೂರ್ತಿ ತೆರೆದ ಮೇಲೆ ಗೇಜ್ ನೋಡುತ್ತ ನಾಲ್ಕಾರು ಸಲ ಜೋರಾಗಿ ಉಸಿರಾಡಿ. ಮುಳ್ಳು ಪ್ರತಿ ಉಸಿರಿಗೂ ಕುಸಿದು ಏರಿದರೆ ವಾಲ್ವು ಅರೆ ತೆರೆದಿದೆ, ಅಥವಾ ಒಳಗೆ ಏನೋ ಅಡ್ಡಿಯಿದೆ. ಆಮೇಲೆ ಎಲ್ಲವನ್ನೂ ಮುಳುಗಿಸಿ ಪೈಪಿನ ಪ್ರತಿ ಜೋಡಣೆಯಲ್ಲಿ ಗುಳ್ಳೆ ಹುಡುಕಿ. ಆಕ್ಟೋಪಸ್ಸಿನಿಂದ ಒಂದೆರಡು ನಿಮಿಷ ಉಸಿರಾಡಿ. ಮಾಸ್ಕಿಗೆ ನೀರು ಬಿಟ್ಟು ಹೊರಹಾಕಿ. ತೂಕದ ಪಟ್ಟಿಯನ್ನು ಒಂದು ಕೈಯಿಂದ ಬಿಚ್ಚಿ. ಇಷ್ಟರಲ್ಲಿ ಪರೀಕ್ಷೆಯಾಗುವುದು ಸಾಮಾನಿಗಿಂತ ಹೆಚ್ಚಾಗಿ ನಿಮ್ಮ ಕೈ. ಬಾಡಿಗೆ ಜಾಕೆಟಿನಲ್ಲಿ ಗಾಳಿ ಬಿಡುವ ದಾರ ಬಲಕ್ಕಿದ್ದು ಇದರಲ್ಲಿ ಇನ್ನೆಲ್ಲೋ ಇರಬಹುದು, ಗಾಬರಿಯಾದಾಗ ಕೈ ಹಳೆಯ ಜಾಗಕ್ಕೇ ಹೋಗುತ್ತದೆ. ನನ್ನ ಕೇಳಿದರೆ, ಐದೂ ಸಾಮಾನನ್ನು ಒಂದೇ ದಿನ ಹೊಸದಾಗಿ ಹಾಕಿಕೊಂಡು ಸಮುದ್ರಕ್ಕೆ ಇಳಿಯುವುದು ಒಳ್ಳೆಯ ಯೋಚನೆಯಲ್ಲ. ಈಜುಕೊಳದಲ್ಲಿ ಒಂದು ಚೂರು ಅನುಮಾನ ತಂದ ಸಾಮಾನನ್ನು ಬದಿಗಿಟ್ಟು, ಆ ಒಂದನ್ನು ಬಾಡಿಗೆಗೆ ತೆಗೆದುಕೊಳ್ಳಿ.

ತೂಕದ ಲೆಕ್ಕ ಈಜುಕೊಳದಲ್ಲಿ ಒಂದು, ನೇತ್ರಾಣಿಯಲ್ಲಿ ಇನ್ನೊಂದು. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ಸಾಂದ್ರ. ಮೈ, ಸೂಟು, ಸಿಲಿಂಡರ್ ಸೇರಿ ನೀವು 96 ಕಿಲೋ ತೂಗಿದರೆ ಅಲ್ಲಿ 2.4 ಕಿಲೋ ಸೀಸ ಹೆಚ್ಚು ಬೇಕಾಗುತ್ತದೆ. ಇನ್ನೊಂದು ಲೆಕ್ಕವೂ ಇದೆ. 11 ಲೀಟರಿನ ಅಲ್ಯುಮಿನಿಯಂ ಸಿಲಿಂಡರ್ 200 ಬಾರಿನಿಂದ 50 ಬಾರಿಗೆ ಇಳಿಯುವಷ್ಟರಲ್ಲಿ ನೀವು ಉಸಿರಾಡಿ ಬಿಟ್ಟ ಗಾಳಿಯ ತೂಕವೇ ಸುಮಾರು ಎರಡು ಕಿಲೋ. ಡೈವಿನ ಕೊನೆಗೆ ನೀವು ಅಷ್ಟು ಹಗುರ. ತುಂಬಿದ ಸಿಲಿಂಡರಿನಲ್ಲಿ ಸರಿಹೋಯಿತೆಂದು ಬಿಟ್ಟರೆ, ಕೊನೆಯಲ್ಲಿ ಐದು ಮೀಟರಿನ ತಂಗುವಿಕೆಯಲ್ಲಿ ನಿಲ್ಲಲಾಗದೆ ಮೇಲಕ್ಕೆ ತೇಲುತ್ತೀರಿ. 50 ಬಾರ್ ಉಳಿದಾಗ, ಜಾಕೆಟ್ ಖಾಲಿ ಮಾಡಿ, ಮೇಲ್ಮೈಯಲ್ಲಿ ಸಹಜವಾಗಿ ಉಸಿರೆಳೆದು ಹಿಡಿದು ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಅದು ಸರಿಯಾದ ತೂಕ.

ನೇತ್ರಾಣಿ ಮುರ್ಡೇಶ್ವರದ ದಡದಿಂದ 19 ಕಿಲೋಮೀಟರಿನಷ್ಟು ಒಳಗಿದೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ (2022) ನೋಡಿದ ಮೇಲೆ ಅಲ್ಲಿಗೆ ಹೋಗಬೇಕೆಂದವರು ಬಹಳ ಜನ, ನಿಮ್ಮಲ್ಲೂ ಒಬ್ಬರು ಇದ್ದಾರು. ಅಕ್ಟೋಬರಿನಿಂದ ಮೇ ತನಕ ಅಲ್ಲಿ ಡೈವಿಂಗ್, ಮಳೆಗಾಲದಲ್ಲಿ ಬಂದ್. ಓಪನ್ ವಾಟರ್ ಸರ್ಟಿಫಿಕೇಟಿಗೆ 18 ಮೀಟರ್ ಮಿತಿ. ಹೊಸ ಸಾಮಾನಿನ ಮೊದಲ ಡೈವನ್ನು ಏಳೆಂಟು ಮೀಟರಿಗೇ ನಿಲ್ಲಿಸಿ, ಮೀನು ಅಲ್ಲೂ ಇವೆ.

ವಾಪಸು ಬರುವ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಕರಾವಳಿಯಿಂದ ಹಾನಗಲ್ಲಿಗೆ ಬರುವುದೆಂದರೆ ಘಟ್ಟ ಹತ್ತುವುದು, ಮೈಯಲ್ಲಿ ಕರಗಿದ ಸಾರಜನಕ ಇನ್ನೂ ಹೊರಗೆ ಹೋಗುತ್ತಿರುವಾಗ ಒತ್ತಡ ಕಡಿಮೆಯಾಗುವ ಕಡೆ ಏರುವುದು. ಡೈವ್ ಆದ ಮೇಲೆ ವಿಮಾನ ಹತ್ತಲು ಒಂದೇ ಡೈವಿಗೆ 12 ಗಂಟೆ, ಹಲವು ಡೈವ್ ಮಾಡಿದ್ದರೆ 18 ಗಂಟೆ ಕಾಯಿರಿ ಎಂಬುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ. ಅದು ಅನ್ವಯವಾಗುವುದು 2000 ಅಡಿಯಿಂದ ಮೇಲಿನ ಎತ್ತರಕ್ಕೆ, ಸಿರ್ಸಿ–ಹಾನಗಲ್ ಸೀಮೆ ಆ ಗೆರೆಯ ಆಸುಪಾಸಿನಲ್ಲೇ ಇದೆ. ಸಂಜೆಯೇ ಗಾಡಿ ಹತ್ತುವ ಅವಸರ ಬೇಡ, ರಾತ್ರಿ ಮುರ್ಡೇಶ್ವರದಲ್ಲೇ ತಂಗಿ. ಆ ಬಿಡುವಿನಲ್ಲಿ ಸಾಮಾನನ್ನೆಲ್ಲ ಸಿಹಿನೀರಿನಲ್ಲಿ ನೆನೆಸಿ ತೊಳೆಯಬಹುದು. ಜಾಕೆಟಿನ ಒಳಗೂ ನೀರು ಹಾಕಿ ಕುಲುಕಿ ಚೆಲ್ಲಿ. ರೆಗ್ಯುಲೇಟರ್ ಅದ್ದುವಾಗ ಧೂಳಿನ ಮುಚ್ಚಳವನ್ನು ಒರೆಸಿ, ಒಣಗಿಸಿ, ಬಿಗಿಯಾಗಿ ಹಾಕಿರಬೇಕು, ನೀರಿನಲ್ಲಿದ್ದಾಗ ಎರಡನೆಯ ಹಂತದ ಪರ್ಜ್ ಗುಂಡಿ ಒತ್ತಬಾರದು. ಒತ್ತಿದರೆ ನೀರು ಪೈಪಿನ ಮೂಲಕ ಮೊದಲ ಹಂತದೊಳಗೆ ಹೋಗಿ, ಮುಂದಿನ ಪ್ರವಾಸಕ್ಕೆ ಮೊದಲೇ ಸರ್ವಿಸ್ ಖರ್ಚು ಬೀಳುತ್ತದೆ.